ಟೊಮ್ಯಾಟೊಗೆ ಆಸ್ಪಿರಿನ್ ಕೊಟ್ಟರೆ ಸೊರಗು ರೋಗ ನಿಲ್ಲುತ್ತಾ? ಯಾರಾದರೂ ಮಾಡಿ ನೋಡಿದ್ದೀರಾ?

ವೇಮಗಲ್_ಟೊಮ್ಯಾಟೊ · ಬೆಳಿಗ್ಗೆ 6:40
ಎಲ್ಲರಿಗೂ ನಮಸ್ಕಾರ. ನಮ್ಮದು ಒಂದೂವರೆ ಎಕರೆ ಟೊಮ್ಯಾಟೊ. ನಾಟಿ ಮಾಡಿ 45 ದಿನ ಆಯ್ತು. ಮಲ್ಚಿಂಗ್, ಡ್ರಿಪ್ ಎರಡೂ ಇದೆ. ಕಡ್ಡಿ ನೆಟ್ಟು ದಾರ ಕಟ್ಟಿದ್ದೇವೆ, ಕಾಯಿ ಗೋಲಿ ಗಾತ್ರ ಆಗಿದೆ. ಸೋಮವಾರ ಗೇಟಿನ ಕಡೆ ಸಾಲಲ್ಲಿ 4 ಗಿಡ ಬಾಡಿತ್ತು. ಬಿಸಿಲಿಗೆ ಇರಬೇಕು ಅಂತ ಸುಮ್ನಾದೆ. ಸಾಯಂಕಾಲ ಎದ್ದು ನಿಂತಿತ್ತು ಕೂಡ. ಮಂಗಳವಾರ ಮಧ್ಯಾಹ್ನ ಮತ್ತೆ ಬಾಡಿತು, ಈ ಸಲ ಏಳಲೇ ಇಲ್ಲ. ಎಲೆ ಹಳದಿ ಆಗಿಲ್ಲ. ಹಸಿರಾಗೇ ಜೋತು ಬಿದ್ದಿದೆ, ಬಿಸಿನೀರಲ್ಲಿ ಅದ್ದಿ ತೆಗೆದ ಸೊಪ್ಪಿನ ಥರ. ಇವತ್ತು ಬೆಳಿಗ್ಗೆ ಎಣಿಸಿದೆ, 63.

ಔಷಧಿ ಅಂಗಡಿಯಲ್ಲಿ ಒಂದು ಟಾನಿಕ್ ಕೊಟ್ಟರು, 850 ರೂಪಾಯಿ. "ಹಾರ್ಮೋನ್ ಐಟಂ, ಗಿಡದ ಇಮ್ಯುನಿಟಿ ಏರುತ್ತೆ" ಅಂದರು. ಒಳಗೆ ಏನಿದೆ ಅಂತ ಬಾಟಲಿ ಮೇಲೆ ಬರೆದಿಲ್ಲ. ಪಕ್ಕದ ತೋಟದ ಮಾವ ಬಂದು, "ಅದೆಲ್ಲ ಯಾಕಪ್ಪಾ, ಆಸ್ಪಿರಿನ್ ಅರೆದು ಹೊಡಿ" ಅಂತ ಅವರ ಮನೆಯಿಂದಲೇ ಎರಡು ಸ್ಟ್ರಿಪ್ ತಂದುಕೊಟ್ಟರು. ಮೊಬೈಲಲ್ಲಿ ನೋಡಿದರಂತೆ. ಇದು ನಿಜಾನಾ, ಇಲ್ಲ ತಮಾಷೆನಾ?

ಮುಳಬಾಗಿಲು_ದೋಸೆ · 6:52
ಮಾತ್ರೆ ಊಟ ಆದಮೇಲೆ ಕೊಡಿ. ಖಾಲಿ ಹೊಟ್ಟೆಗೆ ಗಿಡಕ್ಕೂ ಗ್ಯಾಸ್ಟ್ರಿಕ್ ಆಗುತ್ತೆ.

ವೇಮಗಲ್_ಟೊಮ್ಯಾಟೊ · 6:55
ಗುರು, ಇಲ್ಲಿ ಹೊಟ್ಟೆ ಉರೀತಿದೆ, ನಿಂಗೆ ತಮಾಷೆ.

ಓದೋ_ಹುಡುಗ_ಜಿಕೆವಿಕೆ · 7:20
ತಮಾಷೆ ಅಲ್ಲ ಅಣ್ಣ, ಅದರ ಹಿಂದೆ ನಿಜವಾದ ವಿಜ್ಞಾನ ಇದೆ. ಆಸ್ಪಿರಿನ್ ಅಂದರೆ ಸ್ಯಾಲಿಸಿಲಿಕ್ ಆಸಿಡ್‌ನ ತಮ್ಮ. ಈ ಸ್ಯಾಲಿಸಿಲಿಕ್ ಆಸಿಡನ್ನು ಗಿಡಗಳು ತಾವೇ ತಯಾರಿಸುತ್ತವೆ. ರೋಗಾಣು ಬಂದಾಗ ಅದು ಏರುತ್ತೆ, ಗಿಡ ಎಚ್ಚರ ಆಗುತ್ತೆ. 1979ರಲ್ಲಿ ಇಂಗ್ಲೆಂಡಿನ ರೋಥಮ್‌ಸ್ಟೆಡ್ ಕೃಷಿ ಸಂಶೋಧನಾ ಕೇಂದ್ರದಲ್ಲಿ ವೈಟ್ ಅನ್ನೋರು ತಂಬಾಕು ಎಲೆಗೆ ಆಸ್ಪಿರಿನ್ ಚುಚ್ಚಿ ನೋಡಿದರು. ಆಮೇಲೆ ವೈರಸ್ ಹಚ್ಚಿದರೆ ಚುಕ್ಕೆ ತುಂಬಾ ಕಮ್ಮಿ ಬಂತು. ಹಾಗಾಗಿ ಹೊಡೆದು ನೋಡಬಹುದು ಅನ್ನಿಸುತ್ತೆ.

ಸಸ್ಯಶಾಸ್ತ್ರ_ಮೇಡಂ · 7:48
ತಮ್ಮಾ, ನೀನು ಹೇಳಿದ ಪ್ರಯೋಗ ಸರಿ, ಕೊನೆ ಸಾಲು ತಪ್ಪು. ಅವರು ಮೊದಲು ಆಸ್ಪಿರಿನ್ ಕೊಟ್ಟು ಆಮೇಲೆ ರೋಗ ಹಚ್ಚಿದರು. ಇವರ ಹೊಲದಲ್ಲಿ ರೋಗ ಆಗಲೇ ಒಳಗೆ ಕೂತಿದೆ. ಅದೂ ಅಲ್ಲದೆ ಅಲ್ಲಿದ್ದದ್ದು ವೈರಸ್, ಎಲೆ ಮೇಲೆ. ಇಲ್ಲಿರೋದು ಬಹುಶಃ ದುಂಡಾಣು, ಅಂದರೆ ಬ್ಯಾಕ್ಟೀರಿಯಾ, ಬೇರೊಳಗೆ.

ವೇಮಗಲ್ ಅವರೇ, ಟಾನಿಕ್ಕೂ ಬೇಡ, ಮಾತ್ರೆಯೂ ಬೇಡ. ಮೊದಲು ಯಾವ ರೋಗ ಅಂತ ಗೊತ್ತು ಮಾಡಿಕೊಳ್ಳಿ. ಬಾಡಿದ ಒಂದು ಗಿಡದ ಬುಡದ ಹತ್ತಿರ ಒಂದು ಗೇಣು ಕಾಂಡ ಕತ್ತರಿಸಿ. ಗಾಜಿನ ಲೋಟದಲ್ಲಿ ತಿಳಿನೀರು ತಗೊಂಡು, ಕತ್ತರಿಸಿದ ತುದಿ ಮಾತ್ರ ನೀರಲ್ಲಿ ಮುಳುಗೋ ಹಾಗೆ ಹಿಡಿಯಿರಿ. ಅಲುಗಾಡಿಸಬೇಡಿ. ಐದು ನಿಮಿಷದೊಳಗೆ ಹಾಲಿನ ಎಳೆ ಥರ ಬಿಳಿ ದಾರ ಕೆಳಗಿಳಿದರೆ ಅದು ದುಂಡಾಣು ಸೊರಗು ರೋಗ. ಇಳಿಯದಿದ್ದರೆ ಶಿಲೀಂಧ್ರದ ಸೊರಗು ಇರಬಹುದು, ಬೇರು ಗಂಟು ಇರಬಹುದು, ಇನ್ನೇನೋ ಇರಬಹುದು.

ಚಿಂತಾಮಣಿ_ಅಂಗಡಿ · 8:15
ಎಲ್ಲಾ ಅಂಗಡಿಯವರನ್ನೂ ಒಂದೇ ತಕ್ಕಡಿಗೆ ಹಾಕಬೇಡಿ. ರೈತರೇ ಬಂದು "ಏನಾದರೂ ಕೊಡಿ" ಅಂತಾರೆ. ಏನೂ ಬೇಡ, ಗಿಡ ಕಿತ್ತಾಕಿ ಅಂದರೆ ಪಕ್ಕದ ಅಂಗಡಿಗೆ ಹೋಗ್ತಾರೆ. ಆದರೆ ಒಳಗೆ ಏನಿದೆ ಅಂತ ಬರೆಯದ ಬಾಟಲಿ ನಾನಂತೂ ಇಡಲ್ಲ. ಆ ಮಾತು ಒಪ್ಪುತ್ತೇನೆ.

ಶಿರಾ_ದಾಳಿಂಬೆ · 8:31
ನಮ್ಮ ಕಡೆ ದಾಳಿಂಬೆಗೆ ದುಂಡಾಣು ಅಂಗಮಾರಿ ಬಂದಾಗ ಇದೇ ಕಥೆ. ಕಾಯಿ ಮೇಲೆ ಎಣ್ಣೆ ಬಿದ್ದ ಹಾಗೆ ಚುಕ್ಕೆ, ಆಮೇಲೆ ನಕ್ಷತ್ರದ ಥರ ಬಿರುಕು. ಒಬ್ಬರು ಆ ಆಂಟಿಬಯಾಟಿಕ್ ಅಂದರು, ಇನ್ನೊಬ್ಬರು ಈ ಟಾನಿಕ್ ಅಂದರು. ನಾನು ಸ್ಯಾಲಿಸಿಲಿಕ್ ಆಸಿಡ್ ಪುಡಿ ತಂದು ಕೈ ಅಂದಾಜಲ್ಲಿ ಹಾಕಿ ಹೊಡೆದೆ. ಮೂರನೇ ದಿನ ಎಳೆ ಚಿಗುರಿನ ಅಂಚೆಲ್ಲಾ ಸುಟ್ಟು ಕಂದು ಆಯ್ತು. ರೋಗ ಎಷ್ಟಿತ್ತೋ ಅಷ್ಟೇ ಇತ್ತು. ನಮ್ಮಪ್ಪ ಒಂದು ವಾರ ನನ್ನ ಜೊತೆ ಮಾತಾಡಲಿಲ್ಲ.

ಮುಳಬಾಗಿಲು_ದೋಸೆ · 8:33
ಅದು ಟಾನಿಕ್‌ನ ಲಾಭ ಅಲ್ವಾ ಅಣ್ಣ?

ಶಿಡ್ಲಘಟ್ಟ_ಗೂಡು · 8:50
ಒಂದು ಪ್ರಶ್ನೆ. ಗಿಡಕ್ಕೆ ಹಾರ್ಮೋನ್ ಅಂದರೆ ನಮಗೆ ಗೊತ್ತಿರೋದು ದ್ರಾಕ್ಷಿಗೆ ಅದ್ದುವ ಜಿಎ ಮಾತ್ರ. ಅದು ಕಾಯಿ ದಪ್ಪ ಆಗೋಕೆ. ರೋಗಕ್ಕೂ ಹಾರ್ಮೋನಿಗೂ ಏನು ಸಂಬಂಧ? ಗಿಡಕ್ಕೆ ರಕ್ತ ಇಲ್ಲ, ನರ ಇಲ್ಲ. ಒಂದು ಎಲೆಗೆ ರೋಗ ಬಂದದ್ದು ಇನ್ನೊಂದು ಎಲೆಗೆ ಹೇಗೆ ಗೊತ್ತಾಗುತ್ತೆ?

ಸಸ್ಯಶಾಸ್ತ್ರ_ಮೇಡಂ · 9:35
ಒಳ್ಳೆ ಪ್ರಶ್ನೆ. ಮೊದಲ ಕ್ಲಾಸ್ ಮುಗಿಸಿ ಬಂದೆ, ಸ್ವಲ್ಪ ಉದ್ದ ಬರೆಯುತ್ತೇನೆ.

ನೀವು ಹೇಳಿದ ಜಿಎ ಸಿಕ್ಕಿದ್ದೇ ಒಂದು ರೋಗದಿಂದ. ಜಪಾನಿನಲ್ಲಿ ಭತ್ತದ ಪೈರು ಸುಮ್ನೆ ಉದ್ದಕ್ಕೆ ಬೆಳೆದು ಬಿದ್ದು ಸಾಯುತ್ತಿತ್ತು. ಒಂದು ಶಿಲೀಂಧ್ರ ಬಿಡುವ ರಸದಿಂದ ಹೀಗಾಗುತ್ತೆ ಅಂತ ಕುರೊಸಾವಾ 1926ರಲ್ಲಿ ತೋರಿಸಿದರು. ಆ ರಸದಲ್ಲಿದ್ದದ್ದೇ ಜಿಬ್ಬರೆಲಿನ್, ನಿಮ್ಮ ಜಿಎ. ಅಂದರೆ ಗಿಡದ ಹಾರ್ಮೋನನ್ನು ಗಿಡಕ್ಕಿಂತ ಮೊದಲು ನಾವು ಕಂಡದ್ದು ಕಳ್ಳನ ಕೈಯಲ್ಲಿ.

ಈಗ ರೋಗದ ವಿಷಯ. ದುಂಡಾಣುವಿಗೆ ಈಜೋಕೆ ಬಾಲ ಇರುತ್ತೆ. ಆ ಬಾಲದ ಪ್ರೋಟೀನಿನ ಒಂದು ಚೂರನ್ನು ಗಿಡದ ಜೀವಕೋಶ ಹೊರಗಿನಿಂದಲೇ ಗುರುತು ಹಿಡಿಯುತ್ತೆ. ಕೂಡಲೇ ಎಲೆಯ ಸಣ್ಣ ಬಾಯಿಗಳು, ಅಂದರೆ ಪತ್ರರಂಧ್ರಗಳು, ಮುಚ್ಚಿಕೊಳ್ಳುತ್ತವೆ. ಒಳಗೆ ಸ್ಯಾಲಿಸಿಲಿಕ್ ಆಸಿಡ್ ಏರುತ್ತೆ. ಎನ್‌ಪಿಆರ್1 ಅನ್ನೋ ಒಂದು ಪ್ರೋಟೀನ್ ಇದೆ. ಮಾಮೂಲಿ ದಿನಗಳಲ್ಲಿ ಅದು ಜೀವಕೋಶದ ಹಜಾರದಲ್ಲಿ ಗುಂಪಾಗಿ ಕೂತಿರುತ್ತೆ. ಸ್ಯಾಲಿಸಿಲಿಕ್ ಏರಿದಾಗ ಒಂದೊಂದಾಗಿ ಎದ್ದು ಕೋಶಕೇಂದ್ರದ ಒಳಗೆ ಹೋಗುತ್ತೆ. ಆಗ ರಕ್ಷಣೆಯ ಜೀನ್‌ಗಳು ಒಟ್ಟಿಗೆ ಶುರುವಾಗುತ್ತವೆ.

ರೋಗ ತಗುಲದ ಎಲೆಗೂ ಸುದ್ದಿ ಹೋಗುತ್ತೆ. ಕೆಳಗಿನ ಎಲೆಗೆ ರೋಗ ಹಚ್ಚಿದರೆ ಮೇಲಿನ ಎಲೆಯೂ ಗಟ್ಟಿಯಾಗುತ್ತೆ ಅಂತ ಫ್ರಾಂಕ್ ರಾಸ್ 1961ರಲ್ಲೇ ತಂಬಾಕಿನಲ್ಲಿ ತೋರಿಸಿದ್ದರು. ಸುದ್ದಿ ಒಯ್ಯುವವರು ಒಬ್ಬರಲ್ಲ, ಹಲವರು. ಅದರಲ್ಲಿ ಒಂದು ಮಿಥೈಲ್ ಸ್ಯಾಲಿಸಿಲೇಟ್. ಬೆನ್ನು ಹಿಡಿದಾಗ ತಿಕ್ಕಿಕೊಳ್ಳೋ ನೋವಿನ ಮುಲಾಮಿನ ವಾಸನೆ ಇದೆಯಲ್ಲ, ಅದೇ.

ಬಂಗಾರಪೇಟೆ_ಪಾನಿಪುರಿ · 9:44
ಹಾಗಾದರೆ ತೋಟಕ್ಕೆ ಮುಲಾಮು ಹಚ್ಚಿದರೆ ಆಯ್ತು 😀

ಸಸ್ಯಶಾಸ್ತ್ರ_ಮೇಡಂ · 9:46
ಬೆನ್ನಿಗೇ ಹಚ್ಚಿಕೊಳ್ಳಿ.

ಶಿಡ್ಲಘಟ್ಟ_ಗೂಡು · 9:58
ಈಗ ಅರ್ಥ ಆಯ್ತು ಮೇಡಂ. ನಮ್ಮಲ್ಲೂ ಹಣ್ಣಾದ ರೇಷ್ಮೆ ಹುಳ ಎಲ್ಲಾ ಒಟ್ಟಿಗೆ ಗೂಡು ಕಟ್ಟಲಿ ಅಂತ "ಸಂಪೂರ್ಣ" ಅನ್ನೋ ಔಷಧಿ ಕೊಡ್ತೀವಿ. ಅದೂ ಗಿಡದಿಂದ ತೆಗೆದ ಹಾರ್ಮೋನೇ ಅಂತಾರೆ. ಸರಿಯಾದ ಹೊತ್ತಿಗೆ ಕೊಟ್ಟರೆ ಒಂದೇ ದಿನಕ್ಕೆ ಚಂದ್ರಿಕೆ (ಹುಳ ಗೂಡು ಕಟ್ಟೋ ತಟ್ಟೆ) ತುಂಬುತ್ತೆ. ಹುಳ ಹಣ್ಣಾಗೋಕೆ ಮೊದಲೇ ಕೊಟ್ಟರೆ ಗೂಡು ಹಗುರ. ಹಾರ್ಮೋನ್ ಅಂದರೆ ಹೊತ್ತಿನ ಲೆಕ್ಕ ಅಂತ ಅಲ್ವಾ?

ಸಸ್ಯಶಾಸ್ತ್ರ_ಮೇಡಂ · 10:02
ಅದೇ. ನನ್ನ ವಿದ್ಯಾರ್ಥಿಗಳಿಗೆ ನಾಳೆ ನಿಮ್ಮ ಚಂದ್ರಿಕೆ ಉದಾಹರಣೆಯನ್ನೇ ಹೇಳ್ತೀನಿ.

ನಾಟಿ_ಗೌಡ · 10:20
ಇಷ್ಟೆಲ್ಲಾ ಆಸಿಡ್ ಪುರಾಣ ಯಾಕೆ ಸ್ವಾಮಿ? ನಮ್ಮ ತಾತನ ಕಾಲದಲ್ಲಿ ಯಾವ ಹಾರ್ಮೋನ್ ಇತ್ತು? ಜೀವಾಮೃತ ಹಾಕಿ, ತಿಪ್ಪೆ ಗೊಬ್ಬರ ಹಾಕಿ. ಮಣ್ಣು ಚೆನ್ನಾಗಿದ್ದರೆ ಯಾವ ರೋಗವೂ ಬರಲ್ಲ.

ವೇಮಗಲ್_ಟೊಮ್ಯಾಟೊ · 10:26
ಗೌಡ್ರೇ, ತಾತನ ಕಾಲದಲ್ಲಿ ಈ ಹೊಲದಲ್ಲಿ ರಾಗಿ ಇತ್ತು. ಟೊಮ್ಯಾಟೊ ಮೇಲೆ ಟೊಮ್ಯಾಟೊ ಇರಲಿಲ್ಲ.

ನಾಟಿ_ಗೌಡ · 10:29
ನಾನೂ ಅದನ್ನೇ ಹೇಳ್ತಿರೋದು.

ಓದೋ_ಹುಡುಗ_ಜಿಕೆವಿಕೆ · 10:41
ಗೌಡ್ರು ಹೇಳಿದ್ದರಲ್ಲಿ ಒಂದು ಪಾಲು ನಿಜ. ಬೇರಿನ ಸುತ್ತ ಇರೋ ಕೆಲವು ಒಳ್ಳೆ ದುಂಡಾಣುಗಳು ಗಿಡವನ್ನು ಮೊದಲೇ ಎಚ್ಚರವಾಗಿ ಇಡುತ್ತವೆ. ಅಂಗಡಿಯಲ್ಲಿ ಸಿಗೋ ಸ್ಯೂಡೊಮೊನಾಸ್ ಫ್ಲೋರೆಸೆನ್ಸ್ ಪುಡಿ ಅದೇ ಜಾತಿ. ಹೀಗೆ ಬರುವ ಎಚ್ಚರಕ್ಕೆ ಸ್ಯಾಲಿಸಿಲಿಕ್ ಬೇಕಾಗಿಲ್ಲ. ಜಾಸ್ಮೋನಿಕ್ ಆಸಿಡ್ ಮತ್ತು ಎಥಿಲಿನ್ ಅನ್ನೋ ಬೇರೆ ಎರಡು ಹಾರ್ಮೋನ್ ದಾರಿ ಹಿಡಿಯುತ್ತೆ. ಆದರೆ ಅದೂ ಸಸಿ ಹಂತದಲ್ಲಿ, ಬೇರಿಗೆ ಅಂಟಿಸಿದರೆ. ಬಾಡಿದ ಗಿಡಕ್ಕೆ ಸುರಿದರೆ ಏನೂ ಆಗಲ್ಲ. ಜೀವಾಮೃತದಿಂದ "ಯಾವ ರೋಗವೂ ಬರಲ್ಲ" ಅನ್ನೋದನ್ನು ಮಾತ್ರ ಒಪ್ಪಲ್ಲ.

ಚಿಂತಾಮಣಿ_ಅಂಗಡಿ · 10:50
ಸ್ಯೂಡೊಮೊನಾಸ್ ರೋಗ ತರುತ್ತೆ ಅಂತ ಒಬ್ಬ ಗಿರಾಕಿ ಪ್ಯಾಕೆಟ್ ವಾಪಸ್ ತಂದಿದ್ದ. ಯಾವುದು ನಿಜ?

ಸಸ್ಯಶಾಸ್ತ್ರ_ಮೇಡಂ · 11:05
ಎರಡೂ. ಒಂದೇ ಮನೆತನ, ಬೇರೆ ಬೇರೆ ಮಕ್ಕಳು. ಸ್ಯೂಡೊಮೊನಾಸ್ ಸಿರಿಂಜೆ ಟೊಮ್ಯಾಟೊ ಎಲೆಗೆ ಚುಕ್ಕೆ ರೋಗ ತರುತ್ತೆ, ಫ್ಲೋರೆಸೆನ್ಸ್ ಬೇರಿಗೆ ನೆಂಟ. ಇನ್ನೊಂದು ಗೊಂದಲ ಕೇಳಿ. ಸೊರಗು ರೋಗದ ದುಂಡಾಣುವನ್ನು 1896ರಲ್ಲಿ ಎರ್ವಿನ್ ಸ್ಮಿತ್ ಮೊದಲು ವಿವರಿಸಿದರು. ಹಳೆ ಪುಸ್ತಕಗಳಲ್ಲಿ ಅದಕ್ಕೂ ಸ್ಯೂಡೊಮೊನಾಸ್ ಅಂತಲೇ ಹೆಸರಿದೆ. ಈಗ ರಾಲ್ಸ್ಟೋನಿಯಾ ಅಂತಾರೆ. ನಿಮ್ಮ ಗಿರಾಕಿ ಹಳೆ ಪುಸ್ತಕ ಓದಿರಬೇಕು.

ಹೊಸಕೋಟೆ_ರಸ್ತೆ · 11:12
ಜಾಸ್ಮೋನಿಕ್ ಅಂದರೆ ಜಾಸ್ಮಿನ್? ಮಲ್ಲಿಗೆ?

ಸಸ್ಯಶಾಸ್ತ್ರ_ಮೇಡಂ · 11:30
ಹೌದು. 1962ರಲ್ಲಿ ಜಾಜಿ ಎಣ್ಣೆಯಲ್ಲಿ ಅದರ ಸುವಾಸನೆಯ ರೂಪ ಮೊದಲು ಸಿಕ್ಕಿತು, ಹಾಗಾಗಿ ಆ ಹೆಸರು. ಆಗ ಅದು ಸೆಂಟಿನವರ ಸೊತ್ತು. ಆಮೇಲೆ ನೋಡಿದರೆ ಟೊಮ್ಯಾಟೊ ಎಲೆಯನ್ನು ಹುಳ ಕಡಿದಾಗಲೂ ಅದೇ ಏರುತ್ತೆ. ಏರಿದ ಮೇಲೆ ಎಲೆಯಲ್ಲಿ ಹುಳದ ಹೊಟ್ಟೆಗೆ ಜೀರ್ಣ ಆಗದಂಥ ಪ್ರೋಟೀನ್ ತುಂಬಿಕೊಳ್ಳುತ್ತೆ. ತಿಂದ ಹುಳ ಸೊರಗುತ್ತೆ.

ಓದೋ_ಹುಡುಗ_ಜಿಕೆವಿಕೆ · 11:38
ಮೇಡಂ, ಜಾಸ್ಮೋನಿಕ್ ಹುಳಕ್ಕೆ, ಸ್ಯಾಲಿಸಿಲಿಕ್ ದುಂಡಾಣುವಿಗೆ. ಹೀಗೆ ನೆನಪಿಟ್ಟುಕೊಂಡರೆ ಸಾಕಲ್ವಾ?

ಸಸ್ಯಶಾಸ್ತ್ರ_ಮೇಡಂ · 12:10
ಪರೀಕ್ಷೆಗೆ ಸಾಕು, ಹೊಲಕ್ಕೆ ಸಾಲದು. ಗಿಡವನ್ನು ಜೀವಂತ ಇಟ್ಟುಕೊಂಡು ಉಣ್ಣುವ ರೋಗಾಣುಗಳಿಗೆ ಹೆಚ್ಚಾಗಿ ಸ್ಯಾಲಿಸಿಲಿಕ್. ಕೊಂದು ಉಣ್ಣುವ ರೋಗಾಣುಗಳಿಗೂ ಅಗಿಯುವ ಹುಳಗಳಿಗೂ ಹೆಚ್ಚಾಗಿ ಜಾಸ್ಮೋನಿಕ್ ಮತ್ತು ಎಥಿಲಿನ್. ತೊಂದರೆ ಏನು ಅಂದರೆ ಇವೆರಡೂ ಒಂದನ್ನೊಂದು ತುಳಿಯುತ್ತವೆ. ಒಂದೇ ಬೋರ್‌ವೆಲ್, ಎರಡು ಗೇಟ್ ವಾಲ್ವ್ ಅಂದುಕೊಳ್ಳಿ. ಮೇಲಿನ ಹೊಲಕ್ಕೆ ಪೂರ್ತಿ ತಿರುಗಿಸಿದರೆ ಕೆಳಗಿನ ಹೊಲದ ಡ್ರಿಪ್ಪಲ್ಲಿ ಹನಿ ಬೀಳಲ್ಲ.

ಈ ವಾಲ್ವಿನ ಗುಟ್ಟು ರೋಗಾಣುವಿಗೂ ಗೊತ್ತು. ನನಗೆ ತುಂಬಾ ಇಷ್ಟವಾದ ಭಾಗ ಇದೇ. ಸಿರಿಂಜೆ ಅನ್ನೋ ದುಂಡಾಣು ಕೊರೊನಾಟಿನ್ ಅನ್ನೋ ವಿಷ ತಯಾರಿಸುತ್ತೆ. ಅದರ ಆಕಾರ ಗಿಡದ ಜಾಸ್ಮೋನಿಕ್ ಥರವೇ. ಡೂಪ್ಲಿಕೇಟ್ ಕೀ. 2006ರಲ್ಲಿ ಅಮೆರಿಕದ ಮಿಷಿಗನ್‌ನಲ್ಲಿ ಇದನ್ನು ಕಣ್ಣಾರೆ ನೋಡಿದರು. ದುಂಡಾಣು ಎಲೆ ಮುಟ್ಟಿದ ಗಂಟೆಯೊಳಗೆ ಪತ್ರರಂಧ್ರ ಮುಚ್ಚಿತು. ಎರಡು ಮೂರು ಗಂಟೆ ಕಳೆದ ಮೇಲೆ ಮತ್ತೆ ತೆರೆದುಕೊಂಡಿತು. ತೆರೆಸಿದ್ದು ಕೊರೊನಾಟಿನ್. ಅದನ್ನು ತಯಾರಿಸೋಕೆ ಬಾರದ ದುಂಡಾಣು ಬಾಗಿಲ ಹೊರಗೇ ಉಳಿಯಿತು. ಗಿಡ "ಹುಳ ಬಂದಿದೆ" ಅಂದುಕೊಂಡು ಜಾಸ್ಮೋನಿಕ್ ವಾಲ್ವ್ ತಿರುಗಿಸುತ್ತೆ, ಸ್ಯಾಲಿಸಿಲಿಕ್ ಕಡೆ ಒತ್ತಡ ಬೀಳುತ್ತೆ. ಅಷ್ಟರಲ್ಲಿ ಕಳ್ಳ ಅಡುಗೆಮನೇಲಿ.

ಮುಳಬಾಗಿಲು_ದೋಸೆ · 12:14
ಸಿನಿಮಾ ಥರ ಇದೆ. ಲಾಕ್‌ಡೌನ್ ನೆನಪಾಗುತ್ತೆ, ಆ ವಿಷದ ಹೆಸರು ಮಾತ್ರ ಬದಲಾಯಿಸಿ ಮೇಡಂ.

ಗುಲಾಬಿ_ಪಾಲಿಹೌಸ್ · 12:30
ನಮ್ಮ ಗುಲಾಬಿ ಬುಡದಲ್ಲಿ ಗೆಣಸಿನಂಥ ಗಂಟು ಬರುತ್ತೆ. ಅದೂ ಹೀಗೇನಾ?

ಓದೋ_ಹುಡುಗ_ಜಿಕೆವಿಕೆ · 12:37
ಅದು ಇನ್ನೂ ಮುಂದೆ ಹೋಗಿದೆ ಅಕ್ಕ. ಅಗ್ರೊಬ್ಯಾಕ್ಟೀರಿಯಂ ಅಂತ. ತನ್ನ ಜೀನಿನ ತುಂಡನ್ನೇ ಗಿಡದೊಳಗೆ ಸೇರಿಸುತ್ತೆ. ಆಮೇಲೆ ಗಿಡವೇ ಬೆಳವಣಿಗೆಯ ಹಾರ್ಮೋನುಗಳಾದ ಆಕ್ಸಿನ್, ಸೈಟೊಕೈನಿನ್ ವಿಪರೀತ ತಯಾರಿಸಿ ಗಂಟು ಕಟ್ಟಿಕೊಡುತ್ತೆ. ಬಾಡಿಗೆಗೆ ಬಂದವನು ಓನರ್ ದುಡ್ಡಲ್ಲೇ ಮನೆ ಕಟ್ಟಿಸಿಕೊಂಡ ಹಾಗೆ. ಗಂಟು ಬಂದ ಗಿಡ ತೆಗೆದುಬಿಡಿ. ಕತ್ತರಿ ತೊಳೆಯದೆ ಇನ್ನೊಂದು ಗಿಡ ಮುಟ್ಟಬೇಡಿ.

ಮಂಡಿ_ಮಂಜ · 12:55
ರೇಟು ಹೇಗಿದೆ ಅಂತ ಯಾರೂ ಕೇಳ್ತಿಲ್ಲ. 2023ರ ಜುಲೈನಲ್ಲಿ ಕೋಲಾರ ಮಂಡಿಯಲ್ಲಿ 15 ಕೆಜಿ ಬಾಕ್ಸು 2000 ದಾಟಿತ್ತು. ಈಗ ಕಾಯಿ ಕೀಳೋ ಕೂಲಿ ಹುಟ್ಟಿದರೆ ಪುಣ್ಯ. ರೋಗ ಬಂದು ಹೋದರೆ ಒಂದು ಲೆಕ್ಕಕ್ಕೆ ಲಾಭ.

ವೇಮಗಲ್_ಟೊಮ್ಯಾಟೊ · 12:58
ಮಂಜಣ್ಣ, ಗಾಯದ ಮೇಲೆ ಉಪ್ಪು ಹಾಕಬೇಡಿ.

ಹೊಸಕೋಟೆ_ರಸ್ತೆ · 1:15
ಎಥಿಲಿನ್ ಅಂದರೆ ಟೊಮ್ಯಾಟೊ ಹಣ್ಣು ಮಾಡೋ ಗಾಳಿ ಅಲ್ವಾ? ಅದು ರೋಗ ತಡೆಯುತ್ತೆ ಅಂದಿರಿ. ಹಾಗಾದರೆ ಗಿಡಕ್ಕೇ ಹೊಡೆದರೆ?

ಸಸ್ಯಶಾಸ್ತ್ರ_ಮೇಡಂ · 1:50
ದಯವಿಟ್ಟು ಬೇಡ! ಎಲೆ, ಹೂ ಎಲ್ಲಾ ಉದುರುತ್ತೆ. ಎಥಿಲಿನ್ ಎರಡು ಕಡೆಯೂ ಆಡುತ್ತೆ. 'ನೆವರ್ ರೈಪ್' ಅಂತ ಒಂದು ಟೊಮ್ಯಾಟೊ ಇದೆ. ಅದಕ್ಕೆ ಎಥಿಲಿನ್ ಕಿವಿಗೆ ಬೀಳಲ್ಲ, ಹಣ್ಣೂ ಸರಿಯಾಗಿ ಕೆಂಪಾಗಲ್ಲ. 1998ರಲ್ಲಿ ಅದಕ್ಕೆ ಎಲೆಚುಕ್ಕೆ ದುಂಡಾಣು ಹಚ್ಚಿ ನೋಡಿದರು. ರೋಗದ ಲಕ್ಷಣ ಮಾಮೂಲಿ ಗಿಡಕ್ಕಿಂತ ಕಮ್ಮಿ! ಅಂದರೆ ಎಲೆ ಹಳದಿ ಆಗೋದು, ಸಾಯೋದು ಇದರಲ್ಲಿ ಒಂದಷ್ಟು ಪಾಲು ಗಿಡದ ಸ್ವಂತ ಎಥಿಲಿನ್ ಮಾಡುವ ರಾದ್ಧಾಂತ. ಇನ್ನು ಸೊರಗು ರೋಗದ ರಾಲ್ಸ್ಟೋನಿಯಾ ತಾನೇ ಎಥಿಲಿನ್ ಬಿಡುತ್ತೆ. ಇಂಥ ಕಡೆ ಹೆಸರು ಬರೆಯದ "ಹಾರ್ಮೋನ್ ಐಟಂ" ಸುರಿದರೆ ಯಾರಿಗೆ ಸಹಾಯ ಆಗುತ್ತೋ ಹೇಳೋಕಾಗಲ್ಲ.

ನಾಟಿ_ಗೌಡ · 2:05
ಗಿಡಕ್ಕೆ ಅಷ್ಟು ಬುದ್ಧಿ ಇದ್ದರೆ ಯಾವಾಗಲೂ ಎಚ್ಚರವಾಗೇ ಇರಬಹುದಿತ್ತಲ್ಲ? ನಿಮ್ಮ ಸ್ಯಾಲಿಸಿಲಿಕ್ ದಿನಾ ಏರಿಸಿಕೊಂಡು ಕೂತರೆ ರೋಗವೇ ಇಲ್ಲ.

ಓದೋ_ಹುಡುಗ_ಜಿಕೆವಿಕೆ · 2:16
ಅಂಥ ಗಿಡಗಳನ್ನು ಲ್ಯಾಬಲ್ಲಿ ನೋಡಿದ್ದಾರೆ ಗೌಡ್ರೇ. ರೋಗ ಕಮ್ಮಿ, ಸರಿ. ಆದರೆ ಗಿಡ ಕುಳ್ಳು, ಬೀಜ ಕಮ್ಮಿ. ಇರೋ ಸಂಬಳವೆಲ್ಲಾ ಕಾವಲುಗಾರನಿಗೇ ಹೋದರೆ ಮನೆಯವರು ಏನು ತಿನ್ನಬೇಕು? ಇನ್ನೊಂದು, ಬಿಸಿಲು. ಅರಬಿಡಾಪ್ಸಿಸ್ ಅನ್ನೋ ಸಣ್ಣ ಗಿಡದಲ್ಲಿ 28 ಡಿಗ್ರಿಗೆ ಹೋದರೆ ಸ್ಯಾಲಿಸಿಲಿಕ್ ತಯಾರಿಯೇ ಕುಸಿಯುತ್ತೆ ಅಂತ 2022ರಲ್ಲಿ ಕಾರಣ ಸಮೇತ ತೋರಿಸಿದರು. ನಮ್ಮ ಏಪ್ರಿಲ್ ನೆನೆಸಿಕೊಳ್ಳಿ.

ನಾಟಿ_ಗೌಡ · 2:20
ಕುಳ್ಳು ಗಿಡದ ವಿಷಯ ಗೊತ್ತಿರಲಿಲ್ಲ. ಸರಿ. ಆದರೂ ತಿಪ್ಪೆ ಗೊಬ್ಬರ ಬಿಡಬೇಡಿ.

ಕೈವಾರ_ಕಸಿ · 3:05
ಮಾತು ಎಲ್ಲೆಲ್ಲೋ ಹೋಯ್ತು. ನನ್ನ ಅನುಭವ ಹೇಳ್ತೀನಿ. ನಾಲ್ಕು ವರ್ಷದ ಹಿಂದೆ ನನಗೂ ಇದೇ ಆಯ್ತು. ಮೊದಲ ತಪ್ಪು, ಬಾಡಿದ ಗಿಡ ಕಿತ್ತು ಕಾಲುವೆ ಬದಿಗೆ ಎಸೆದೆ. ಮಳೆ ಬಂತು, ನೀರು ಅದರ ಮೇಲೆ ಹಾದು ಕೆಳಗಿನ ತಾಕಿಗೆ ಹೋಯ್ತು, ರೋಗವೂ ಹೋಯ್ತು. ಎರಡನೇ ತಪ್ಪು, ಅದೇ ಗುದ್ದಲಿ ಎಲ್ಲಾ ಕಡೆ ಆಡಿಸಿದೆ. ಮೂರನೇದು, ಮರು ವರ್ಷ ಬುದ್ಧಿವಂತಿಕೆ ಅಂತ ದಪ್ಪ ಮೆಣಸಿನಕಾಯಿ ಹಾಕಿದೆ. ಅದೂ ಅದೇ ಕುಲ, ಅದೂ ಹೋಯ್ತು. ಬದನೆ, ಆಲೂಗಡ್ಡೆ ಕೂಡ ಹಾಗೇ.

ಆಮೇಲೆ ಎರಡು ಬೆಳೆ ರಾಗಿ ಮತ್ತು ಜೋಳ ಹಾಕಿದೆ. ಈಗ ಬದನೆ ಬೇರಿನ ಮೇಲೆ ಟೊಮ್ಯಾಟೊ ಕಸಿ ಮಾಡಿದ ಸಸಿ ತರ್ತೀನಿ. ಸಸಿ ರೇಟು ಜಾಸ್ತಿ, ಆದರೆ ಗಿಡ ನಿಲ್ಲುತ್ತೆ. ಹೆಸರಘಟ್ಟದ ತೋಟಗಾರಿಕೆ ಸಂಶೋಧನಾ ಸಂಸ್ಥೆ ಐಐಎಚ್‌ಆರ್‌ನ ಅರ್ಕಾ ರಕ್ಷಕ್ ಟೊಮ್ಯಾಟೊ ತಳಿಯೂ ಈ ಸೊರಗು ತಡೆಯುತ್ತೆ.

ಸಸ್ಯಶಾಸ್ತ್ರ_ಮೇಡಂ · 3:22
ಇಡೀ ಚರ್ಚೆಯಲ್ಲಿ ಕೆಲಸಕ್ಕೆ ಬರೋ ಉತ್ತರ ಇವರದು. ಒಂದು ಮಾತು ಸೇರಿಸ್ತೀನಿ. ಬೇರು ಗಂಟು ಹುಳ ಇದ್ದರೆ ಅದು ಮಾಡಿದ ತೂತಲ್ಲೇ ರಾಲ್ಸ್ಟೋನಿಯಾ ನುಗ್ಗುತ್ತೆ. ಕಿತ್ತ ಗಿಡದ ಬೇರನ್ನೂ ಒಮ್ಮೆ ನೋಡಿ.

ವೇಮಗಲ್_ಟೊಮ್ಯಾಟೊ · ಸಾಯಂಕಾಲ 6:35
ಲೋಟದ ಪರೀಕ್ಷೆ ಮಾಡಿದೆ. ಮನೆಯ ಸ್ಟೀಲ್ ಲೋಟದಲ್ಲಿ ಏನೂ ಕಾಣಲಿಲ್ಲ. ಮಗಳು ಅವಳ ಹಾರ್ಲಿಕ್ಸ್ ಗಾಜಿನ ಲೋಟ ಕೊಟ್ಟಳು. ಕಾಂಡವನ್ನು ಎರಡು ಕಡ್ಡಿ ಮಧ್ಯೆ ಸಿಕ್ಕಿಸಿ, ಹಿಂದೆ ಕಪ್ಪು ಬ್ಯಾಗ್ ಇಟ್ಟು ನೋಡಿದೆವು. ಎರಡು ನಿಮಿಷ ಏನೂ ಇಲ್ಲ. ಆಮೇಲೆ ಕೂದಲೆಳೆ ಥರ ಬಿಳಿ ಗೆರೆ ಮೆಲ್ಲಗೆ ಇಳಿಯಿತು. ತಳಕ್ಕೆ ಹೋಗಿ ಹೊಗೆ ಥರ ಹರಡಿತು. ಕಾಂಡ ಸೀಳಿದರೆ ಒಳಗೆ ಕಂದು ಉಂಗುರ. ಮಗಳು "ಅಪ್ಪಾ, ಹಾಲು ಬರ್ತಿದೆ" ಅಂತ ಖುಷಿಪಟ್ಟಳು. ನಾನು ಏನು ಹೇಳಲಿ.

ಗೇಟಿನ ಕಡೆಯ ಎರಡು ಸಾಲಿನ ಡ್ರಿಪ್ ವಾಲ್ವ್ ಮುಚ್ಚಿದೆ. ಅಷ್ಟೂ ಗಿಡ ಬುಡದ ಮಣ್ಣಿನ ಸಮೇತ ಗೊಬ್ಬರದ ಖಾಲಿ ಚೀಲಕ್ಕೆ ತುಂಬಿದ್ದೇನೆ, ನಾಳೆ ಸುಡ್ತೀನಿ. ಎಣಿಸಿದಾಗ 63 ಇದ್ದದ್ದು ಕಿತ್ತಾಗ 81 ಆಗಿತ್ತು. ಗುಣಿಗೆ ಬ್ಲೀಚಿಂಗ್ ಪೌಡರ್ ನೀರು ಹಾಕಬಹುದು ಅಂತ ಕೃಷಿ ವಿಜ್ಞಾನ ಕೇಂದ್ರದವರು ಫೋನಲ್ಲಿ ಹೇಳಿದರು. ಬೇರಲ್ಲಿ ಗಂಟೂ ಇತ್ತು ಮೇಡಂ, ಅಲ್ಲಲ್ಲಿ.

ಚಿಂತಾಮಣಿ_ಅಂಗಡಿ · 6:48
ಟಾನಿಕ್ ಬಾಟಲಿ ಸೀಲ್ ಒಡೆದಿಲ್ಲ ತಾನೇ? ಬಿಲ್ ಇದ್ದರೆ ವಾಪಸ್ ಕೊಡಿ. ತಗೊಂಡರೂ ತಗೊಳ್ಳಬಹುದು.

ವೇಮಗಲ್_ಟೊಮ್ಯಾಟೊ · 6:53
ಬಿಲ್ ಎಲ್ಲಿ ಕೊಟ್ಟರು ಅಣ್ಣ. ಚೀಟಿ ಮೇಲೆ 850 ಅಂತ ಬರೆದು ಸುತ್ತು ಹಾಕಿದ್ದಾರೆ ಅಷ್ಟೇ.

ಮುಳಬಾಗಿಲು_ದೋಸೆ · 7:01
ಬೆಳಿಗ್ಗೆ ತಮಾಷೆ ಮಾಡಿದ್ದಕ್ಕೆ ಬೇಜಾರು ಮಾಡ್ಕೋಬೇಡಿ ಅಣ್ಣ. ಮುಳಬಾಗಿಲು ಕಡೆ ಬಂದರೆ ದೋಸೆ ನನ್ನ ಲೆಕ್ಕ. ಆ ಆಸ್ಪಿರಿನ್ ಏನಾಯ್ತು?

ವೇಮಗಲ್_ಟೊಮ್ಯಾಟೊ · 7:10
ಮಾವನಿಗೆ ವಾಪಸ್ ಕೊಟ್ಟೆ. ಅತ್ತೆ ಬೆಳಿಗ್ಗೆಯಿಂದ ಹುಡುಕುತ್ತಿದ್ದರಂತೆ. ಅದು ಅವರ ಹಾರ್ಟಿಗೆ ಅಂತ ಡಾಕ್ಟರು ಬರೆದುಕೊಟ್ಟ ಮಾತ್ರೆ.